ಉಜ್ಜಬಾರದ ಗುರುತುಗಳು

“ಸೆರಗು ಸ್ವಲ್ಪ ಸರಸ್ರಿ… ಮುಖ ಕಾಣವಲ್ದು.”

ರೇವಮ್ಮ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಹತ್ತು ವರ್ಷದವಳಿದ್ದಾಗ ಬಂದ ಸಿಡುಬು ಅವಳ ಎರಡೂ ಕೆನ್ನೆಗಳ ಮೇಲೆ ಕುಳಿ ಬಿಟ್ಟುಹೋಗಿತ್ತು. ಅಂದಿನಿಂದ ಪರಗಂಡಸರೆದುರು ಅವಳು ತಾನಾಗಿ ಮುಖ ತೋರಿಸಿದವಳೇ ಅಲ್ಲ.

ಎದುರಿಗೆ ಕುಳಿತವನು ಭಗವಂತನೆಂಬ ಇನ್ನೂ ಮದುವೆಯಾಗದ ತರುಣ. ಹೈದರಾಬಾದಿನಲ್ಲಿ ಚಿತ್ರಕಲೆ ಕಲಿತು ಬಂದು ಆಳಂದದಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದ. 1941ರ ಆ ಚಳಿಗಾಲದಲ್ಲಿ ರೇವಮ್ಮನ ಅಪ್ಪ ಮಹಾದೇವಪ್ಪ ಅವನನ್ನು ತಮ್ಮೂರು ಸರಸಂಬಾಕ್ಕೆ ಕರೆಸಿದ್ದ. ಜೇವರ್ಗಿಯ ವರನ ಮನೆಗೆ ಮಗಳ ಚಿತ್ರ ಕಳಿಸಬೇಕಿತ್ತು. ಈಗಾಗಲೇ ಇಬ್ಬರು ವರರು ಅವಳನ್ನು ನೋಡಿ, ಮುಖ ತಿರುಗಿಸಿ ಎದ್ದು ಹೋಗಿದ್ದರು.

ರೇವಮ್ಮ ಕಣ್ಣು ಮುಚ್ಚಿ ಸೆರಗು ಸರಿಸಿದಳು. ‘ಈಗ ಇವರೂ ಮುಖ ತಿರುಗಿಸ್ತಾರ…’

“ಹಾಂ, ಹಂಗೇ ಇರ್ರಿ! ಕಿಟಕಿ ಬೆಳಕು ಭಾಳ ಛಲೋ ಬಿದ್ದದ.”

ಅಷ್ಟೇ! ಅವಳು ಮೆಲ್ಲಗೆ ಕಣ್ಣು ತೆರೆದಳು.

ಮರುದಿನ ಅಜ್ಜಿ ಮಾಣಿಕಮ್ಮ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ರೇವಮ್ಮನೇ ಅವನ ಪೆಟ್ಟಿಗೆಯ ಬಣ್ಣದ ಕಡ್ಡಿಯೊಂದನ್ನು ತೋರಿಸಿ ಕೇಳಿದಳು.

“ಇದು ಸಾಲಿ ಹಲಗಿ ಮ್ಯಾಲ ಬರಿಯೋ ಖಡುವೇನ್ರಿ?”

“ಅಲ್ರಿ, ಪ್ಯಾಸ್ಟೆಲ್. ಒರಟ ಕಾಗದ ಇದ್ರೇ ಇದರ ಪುಡಿ ಹಿಡೀತದ. ಮೊದಲ ಕೈ ಹಗುರ ಇರಬೇಕು. ನೆರಳು ಮೊದಲ, ಬೆಳಕು ಆಮ್ಯಾಲ. ಎರಡು ಬಣ್ಣ ಕೂಡೋ ಕಡೆ ಬೆರಳಿಲೆ ಮೆತ್ತಗ ಉಜ್ಜಬೇಕು.”

“ಭಾಳ ಉಜ್ಜಿದ್ರ?”

“ಎಲ್ಲಾ ಕೂಡಿ ಕೆಸರಾಗ್ತದ. ಚಿತ್ರದ ಜೀವಾನೇ ಹೋಗ್ತದ.”

ಅವನು ಒಂದು ಹಾಳೆ ಕೊಟ್ಟ. ಅವಳು ಒಂದು ಮಾವಿನಹಣ್ಣು ಬರೆದು, ಪುಡಿ ಹೋಗಲೆಂದು ಉಫ್ ಎಂದು ಊದಿದಳು. ಹಳದಿ ಧೂಳೆಲ್ಲ ಅವನ ಮೀಸೆಗೆ!

“ಊದಬಾರದ್ರಿ… ಕಾಗದ ಓರೆ ಮಾಡಿ ತಟ್ಟಬೇಕು.”

ರೇವಮ್ಮನ ಜೊತೆ ಅಜ್ಜಿಯೂ ನಕ್ಕಳು. ಎಷ್ಟು ವರ್ಷಗಳಾಗಿದ್ದವು ರೇವಮ್ಮ ಹೀಗೆ ನಕ್ಕು!

ಮೂರನೆಯ ದಿನ ಚಿತ್ರ ಮುಗಿಯಿತು. ನೋಡಿದವಳ ನಗು ಆರಿಹೋಯಿತು. ಕೆನ್ನೆಗಳು ಬೆಣ್ಣೆಯಂತೆ ನುಣುಪು. ಒಂದು ಕುಳಿಯೂ ಇರಲಿಲ್ಲ.

“ಈಕಿ ಯಾರ್ರಿ?”

“ನೀವೇ…”

“ನಾ ಅಲ್ಲ! ನಿಮಗೂ ನನ್ನ ಮುಖ ಬ್ಯಾಡಾತು…”

ಅಳುತ್ತಾ ಅಡುಗೆಮನೆಗೆ ಓಡಿದಳು. ಭಗವಂತ ಬಾಗಿಲಲ್ಲೇ ನಿಂತ.

“ಮೊದಲ ಇದ್ದಂಗೇ ಬರದಿದ್ದೆ. ಕೆನ್ನಿ ಮ್ಯಾಲಿನ ಕಲೆ ಅಳಸ್ರಿ, ಮಗಳಿಗೆ ಒಂದು ಮನಿ ಸಿಗ್ಲಿ ಅಂತ ನಿಮ್ಮಪ್ಪ ಕೈ ಮುಗದ್ರು. ನಿಮಗ ಒಳ್ಳೇದಾಗ್ಲಿ ಅಂತ ಉಜ್ಜಿದೆ. ಒಂದೊಂದು ಉಜ್ಜೂವಾಗ ನನಗ ಎಷ್ಟು ಸಂಕಟಾತು… ತಪ್ಪಾತು ರೇವಮ್ಮ.”

ಅವಳು ಕಣ್ಣೊರೆಸಿಕೊಂಡು ಹೊರಬಂದಳು. ಪೆಟ್ಟಿಗೆಯಿಂದ ಕಂದು ಕಡ್ಡಿ ತೆಗೆದು ಚಿತ್ರದ ಕೆನ್ನೆಯ ಮೇಲೆ ಒತ್ತಿ ಒಂದು ಚುಕ್ಕೆ ಇಟ್ಟಳು. ಅದರ ಅಂಚಿಗೆ ತಿಳಿಬಣ್ಣದ ಬೆಳಕು. ಇನ್ನೊಂದು ಚುಕ್ಕೆ… ಮತ್ತೊಂದು… ಯಾವುದನ್ನೂ ಉಜ್ಜಲಿಲ್ಲ.

ಅಷ್ಟರಲ್ಲಿ ಮಹಾದೇವಪ್ಪ ಒಳಗೆ ಬಂದ.

“ಏನ್ ಮಾಡಾಕತ್ತಿ ಬೇ! ಇದನ್ನ ನೋಡಿ ಯಾರ್ ಲಗ್ನ ಆಗ್ತಾರ?”

“ನಾ ಆಗ್ತೇನ್ರಿ!”

ಭಗವಂತ ಬಾಗಿಲಿನಿಂದ ಮುಂದೆ ಬಂದ. ಮಹಾದೇವಪ್ಪ ಅವನತ್ತ ತಿರುಗಿದ.

“ಇವತ್ತು ಅಂತೀರಿ ಮಾಸ್ತರ… ನಾಳೆ ಬ್ಯಾಸರಾದ್ರ?”

“ನಾ ಏನ್ ಹೇಳಿದ್ರೂ ಬರೀ ಮಾತು. ನಿಮ್ಮ ಮಗಳನ್ನ ಕೇಳ್ರಿ.”

ರೇವಮ್ಮ ತಲೆಯೆತ್ತಿ ಅಪ್ಪನನ್ನೇ ನೋಡಿದಳು.

“ಮೂರ ದಿನ ಇವರ ಮುಂದ ಕುಂತೀನಪ್ಪಾ. ಸೆರಗು ಸರಿಸಿದ ಮ್ಯಾಲ ಒಮ್ಮಿನೂ ಹೆದರಿಕಿ ಆಗ್ಲಿಲ್ಲ.”

ಆ ಒಂದು ಮಾತಿಗೆ ಮಹಾದೇವಪ್ಪನ ಕಣ್ಣುಗಳು ತುಂಬಿದವು. ಜೇವರ್ಗಿಗೆ ಚಿತ್ರ ಹೋಗಲಿಲ್ಲ. ಸಂಜೆಯೊಳಗೆ ವೀಳ್ಯ ಅದಲುಬದಲಾಗಿ ಮದುವೆ ನಿಶ್ಚಯವಾಯಿತು.

ಊರಿಗೆ ಹೊರಟವನನ್ನು ಕಳಿಸಲು ಅವಳು ಮನೆಮುಂದಿನ ಕಟ್ಟೆಯತನಕ ಬಂದಳು.

“ಆಳಂದದಾಗ ನಂದು ಒಂದೇ ಖೋಲಿ ಅದ ರೇವಮ್ಮ. ಎಲ್ಲಿ ನೋಡಿದ್ರೂ ಬಣ್ಣದ ಧೂಳ…”

“ಇರ್ಲಿ ಬಿಡ್ರಿ… ಇಬ್ಬರೂ ಕೂಡಿ ಝಾಡಿಸೋಣು.”