ಅಕ್ಕ ಅಳೆದ ಹರಳು

ಮಧ್ಯಾಹ್ನದ ಊಟವನ್ನು ಪಕ್ಕಕ್ಕೆ ಸರಿಸಿ ತಂಗಿ ತನ್ನ ಸಂಶೋಧನಾ ಲೇಖನವನ್ನು ಹಿಂತೆಗೆದುಕೊಳ್ಳುವ ಪತ್ರ ಬರೆಯುತ್ತಿದ್ದಳು. ಕಣ್ಣು ಕೆಂಪಗೆ ಊದಿತ್ತು. ಎದುರಿಗೆ ಕೂತ ಅಕ್ಕ ಅನ್ನ ಕಲಸುತ್ತಲೇ ಇದ್ದಳು... ಆ ಪತ್ರ ಬೇಕಿಲ್ಲವೆಂದು ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು!

ಇಬ್ಬರೂ ವಿಜ್ಞಾನಿಗಳೇ. ತಂಗಿಯದು ಕಾಗದ, ಪೆನ್ಸಿಲ್, ಗಣಿತ. ಎಲೆಕ್ಟ್ರಾನುಗಳು ಪರಮಾಣುಗಳನ್ನು ಹೇಗೆ ಬೆಸೆಯುತ್ತವೆಂದು ಲೆಕ್ಕ ಹಾಕಲು ಅವಳು ಕಂಡುಕೊಂಡ ದಾರಿಯನ್ನು ರಸಾಯನಶಾಸ್ತ್ರದವರು ಅಣುಗಳಿಗೆ, ಹೊಸ ವಸ್ತು ರೂಪಿಸುವವರು ತಮ್ಮ ಕೆಲಸಕ್ಕೆ ಬಳಸತೊಡಗಿದ್ದರು. ಅಕ್ಕನದು ಕುಲುಮೆಯ ಕೆಲಸ. ಹದಿನೆಂಟು ವರ್ಷ ಬೆರಳು ಸುಟ್ಟುಕೊಂಡು ಹರಳು ಬೆಳೆಸಿದವಳು. ಆದರೆ ಮನೆಗೆ ಬಂದವರಿಗೆಲ್ಲ ಅಪ್ಪ ಚಿಕ್ಕವಳನ್ನೇ ಕರೆದು ತೋರಿಸುತ್ತಿದ್ದರು. ದೊಡ್ಡವಳ ವಿಷಯ "ಲ್ಯಾಬಿನಲ್ಲಿ ಏನೋ ಮಾಡ್ತಾಳೆ" ಎಂಬಲ್ಲಿಗೆ ಮುಗಿಯುತ್ತಿತ್ತು. ಆ ಮಾತು ಕೇಳಿದಾಗಲೆಲ್ಲ ಅಕ್ಕನ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

ವಿದ್ಯುತ್ ಹರಿಯಗೊಡದ ಒಂದು ಹರಳು ಬಲವಾಗಿ ಒತ್ತಿದರೆ ಲೋಹದಂತಾಗುತ್ತದೆ ಎಂದು ತಂಗಿ ಬರೆದಿದ್ದಳು. ಹಿರಿಯ ವಿಜ್ಞಾನಿಗಳು ನಕ್ಕರು, ಪುರಾವೆ ಕೊಡು, ಇಲ್ಲವೇ ಹಿಂತೆಗೆದುಕೋ ಎಂದರು. ಅಕ್ಕನೇ ಆ ಹರಳು ಬೆಳೆಸಿ, ಒತ್ತಿ ನೋಡಿದಳು. ತಂಗಿ ಹೇಳಿದ ಒತ್ತಡದಲ್ಲೇ ವಿದ್ಯುತ್ ಸರಾಗವಾಗಿ ಹರಿಯಿತು! ಮನೆಗೆ ಬಂದು ಮಾತ್ರ ಹರಳು ಒಡೆದುಹೋಯಿತು ಎಂದುಬಿಟ್ಟಳು. ಒಂದು ಸಲವಾದರೂ ಇವಳು ಸೋಲಲಿ ಎಂದು ಅವಳ ಮನಸ್ಸಿನಲ್ಲಿತ್ತು. ಅದಾಗಿ ನಾಲ್ಕು ದಿನ.

ತಂಗಿ ಸಹಿ ಹಾಕಲು ಹೊರಟಾಗ ಅಕ್ಕ ಅವಳ ಕೈ ಹಿಡಿದುಕೊಂಡಳು.

"ಹರಳು ಒಡೀಲಿಲ್ಲ ಕಣೇ. ನೀನು ಹೇಳಿದ್ದೇ ಸರಿ... ನಾನೇ ಮುಚ್ಚಿಟ್ಟೆ."

ತಂಗಿ ಪೆನ್ನು ಕೆಳಗಿಟ್ಟಳು. "ನಾಲ್ಕು ದಿನದಿಂದ ಅಳ್ತಾ ಇದ್ದೀನಿ. ನೀನು ನೋಡ್ಕೊಂಡೇ ಇದ್ದೆ, ಅಲ್ವಾ ಅಕ್ಕಾ?"

"ಹೂಂ... ನೋಡ್ತಾನೇ ಇದ್ದೆ."

ತಂಗಿ ಪತ್ರ ಹರಿದು ಎದ್ದುಹೋದಳು. ಮರುದಿನ, ಅಳತೆ ಅಕ್ಕನದಲ್ಲವೇ ಎಂದು ಲೇಖನಕ್ಕೆ ಅವಳ ಹೆಸರನ್ನೂ ಸೇರಿಸಲು ತಂಗಿ ಹೊರಟಾಗ ಅಕ್ಕ ಬೇಡವೆಂದಳು. ಅಳತೆಯನ್ನಷ್ಟೇ ಕೊಟ್ಟು, ಕೆಳಗೆ ಅಳೆದ ದಿನದ ನಿಜವಾದ ತಾರೀಖು ಹಾಕಿದಳು. ಆ ತಾರೀಖು ನೋಡಿ, ಹೇಳಲು ಇಷ್ಟು ತಡವೇಕಾಯಿತೆಂದು ಅಪ್ಪ ಕೇಳಿದಾಗ, ಹೊಟ್ಟೆಕಿಚ್ಚಿನಿಂದ ಎಂದು ತಾನೇ ಒಪ್ಪಿಕೊಂಡಳು. ಅಪ್ಪ ತಲೆ ತಗ್ಗಿಸಿದರು.

ಎರಡು ತಿಂಗಳು ಅಕ್ಕತಂಗಿಯರ ನಡುವೆ ಬೇಕಾದಷ್ಟೇ ಮಾತು. ಆಮೇಲೊಂದು ದಿನ ತಂಗಿ ಹೊಸ ಲೆಕ್ಕದ ಹಾಳೆ ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತಳು. ಈ ಹರಳನ್ನೂ ನೀನೇ ಬೆಳೆಸಬೇಕು, ಬೇರೆಯವರ ಕೈಮೇಲೆ ನನಗೆ ನಂಬಿಕೆಯಿಲ್ಲ ಎಂದಳು. ಅಕ್ಕನ ಕಣ್ಣು ಮಂಜಾಯಿತು. ಲೆಕ್ಕ ಎಷ್ಟು ಸೊಗಸಾಗಿತ್ತೆಂದರೆ, ಓದುತ್ತಿದ್ದಂತೆ ಆ ಹಳೆಯ ಹೊಟ್ಟೆಕಿಚ್ಚು ಮತ್ತೊಮ್ಮೆ ಕದಲಿತು... ಅದನ್ನು ನುಂಗಿಕೊಂಡು ಹಾಳೆ ಈಸಿಕೊಂಡಳು.

"ಅಳೆದ ದಿನವೇ ಹೇಳ್ತೀನಿ."