ಆರು ಗಂಟೆಯ ತೂಕ

ಹನ್ನೆರಡನೇ ತಾರೀಖು, ಬೆಳಿಗ್ಗೆ 8.40. ಜಿಮ್ನಾಸ್ಟಿಕ್ಸ್ ತರಬೇತಿ ಕೇಂದ್ರದ ಕೋಚ್ ಮೇಡಂ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಕಚೇರಿಯಿಂದ ತೂಕದ ಯಂತ್ರ ಕಳವಾಗಿತ್ತು.

"ಅದೊಂದೇನಾ?" ಇನ್‌ಸ್ಪೆಕ್ಟರ್ ಕೇಳಿದರು.

"ಅದೊಂದೇ. ದಿನಾ ಬೆಳಿಗ್ಗೆ ಆರು ಗಂಟೆಗೆ ಹುಡುಗೀರನ್ನ ಸಾಲಾಗಿ ನಿಲ್ಸಿ ತೂಗ್ತೀವಿ, ಮೈಕಲ್ಲಿ ಓದ್ತೀವಿ. ಇವತ್ತಿನ ತೂಕ ನೋಡಿ ತಂಡ ಆರಿಸ್ಬೇಕಿತ್ತು. ನಲವತ್ತೆರಡು ಕಿಲೋ ದಾಟಿದ್ರೆ ಔಟ್."

ಹಿಂದೆ ನಿಂತಿದ್ದ ಕಾನ್‌ಸ್ಟೇಬಲ್ ಸದ್ದಿಲ್ಲದೆ ಹೊಟ್ಟೆ ಒಳಗೆಳೆದುಕೊಂಡ. ಯಾರ ದನಿಯನ್ನಾದರೂ ಹಾಗೇ ಅನುಕರಿಸಿಬಿಡುವ ಅವನಿಗೆ ಠಾಣೆಯಲ್ಲಿ ಟೇಪ್‌ರೆಕಾರ್ಡರ್ ಎಂದೇ ಹೆಸರು.

ಎಫ್‌ಐಆರ್ ದಾಖಲಾಯಿತು. 9.30ಕ್ಕೆ ಸ್ಥಳ ಪಂಚನಾಮೆ. ಲ್ಯಾಪ್‌ಟಾಪು, ಕ್ಯಾಮೆರಾ ಇದ್ದಲ್ಲೇ ಇದ್ದವು. ಯಂತ್ರವಿದ್ದ ಮೇಜಿನ ಮೇಲೆ ಮಾತ್ರ ಬಿಳಿ ಪುಡಿಯಲ್ಲಿ ಬಲಗೈ ಅಚ್ಚು.

"ಕಳ್ಳ ಪೌಡರ್ ಬಳ್ಕೊಂಡು ಬಂದಿದ್ದಾನೆ ಸಾರ್, ಫೋಟೋ ತೆಗೆಸ್ಕೊಳ್ಳೋನ ಥರ," ಎಂದ ಕಾನ್‌ಸ್ಟೇಬಲ್.

"ಮುಖಕ್ಕಲ್ಲಯ್ಯ, ಅಂಗೈಗೆ. ಕಂಬಿ ಹಿಡಿಯೋ ಮುಂಚೆ ಇಲ್ಲಿ ಎಲ್ರೂ ಹಚ್ಕೋತಾರೆ, ಜಾರದಿರ್ಲಿ ಅಂತ. ಕದ್ದೋರು ಯಂತ್ರ ಎತ್ತೋವಾಗ್ಲೂ ಆ ಅಭ್ಯಾಸ ಬಿಟ್ಟಿಲ್ಲ."

ಅಚ್ಚಿನ ನಡುವೆ ಅಡ್ಡಕ್ಕೆ ಬಟ್ಟೆಯ ನೇಯ್ಗೆಯ ಗುರುತಿತ್ತು.

10.50. ಪೊಲೀಸರನ್ನು ಕಂಡೊಡನೆ ಹನ್ನೊಂದು ಹುಡುಗಿಯರು ಯಾರೂ ಹೇಳದೆಯೇ ಸಾಲಾಗಿ ನಿಂತು ಉಸಿರು ಬಿಗಿಹಿಡಿದರು.

"ಕೈ ತೋರ್ಸಿ."

ಏಳನೆಯವಳಿಗೆ ಹತ್ತೊಂಬತ್ತು ವರ್ಷ. ಸುಲಿದ ಬಲ ಅಂಗೈಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದಳು.

"ಎಲ್ಲಿದೆಯಮ್ಮಾ?"

ಅವಳು ಸ್ಪಂಜಿನ ತುಂಡುಗಳನ್ನು ತುಂಬಿದ ಗುಂಡಿಯತ್ತ ನೋಡಿದಳು. ಹಾರಿದವರು ಪೆಟ್ಟಾಗದೆ ಬೀಳಲೆಂದು ಮಾಡಿದ ಗುಂಡಿ ಅದು. ಕಾನ್‌ಸ್ಟೇಬಲ್ ಇಳಿದ, ಕತ್ತಿನವರೆಗೆ ಮುಳುಗಿದ, ಹತ್ತು ನಿಮಿಷ ತಡಕಾಡಿ ಯಂತ್ರ ಎತ್ತಿ ತಂದ. ಏದುಸಿರು ಬಿಡುತ್ತಲೇ ಕೋಚ್ ದನಿಯಲ್ಲಿ, "ಕಾನ್‌ಸ್ಟೇಬಲ್, ಎಂಬತ್ತಾರು. ಔಟ್," ಎಂದ. ಹತ್ತು ಹುಡುಗಿಯರು ನಕ್ಕರು.

"ಯಾಕಮ್ಮಾ ಹೀಗೆ?" ಇನ್‌ಸ್ಪೆಕ್ಟರ್ ಏಳನೆಯವಳನ್ನು ಕೇಳಿದರು.

"ನಿನ್ನೆ ನಲವತ್ತೆರಡೂವರೆ ಇತ್ತು ಸಾರ್. ಆಮೇಲೆ ನೀರೂ ಕುಡಿದಿಲ್ಲ. ಇನ್ನೊಂದು ದಿನ ಸಿಕ್ಕಿದ್ರೆ ಇಳೀತಿತ್ತು. ಆಮೇಲೆ ನಾನೇ ತಂದಿಡ್ತಿದ್ದೆ."

11.40ಕ್ಕೆ ಬಂಧನ. ಠಾಣೆಯಲ್ಲಿ ಮಹಿಳಾ ಕಾನ್‌ಸ್ಟೇಬಲ್ ಸಹಿ ಹಾಕಿಸಿಕೊಂಡು ನೀರಿನ ಬಾಟಲಿ ಮುಂದಿಟ್ಟರು. ಹುಡುಗಿ ಕುಡಿಯುವ ಮೊದಲು ಅದರಲ್ಲಿ ಎಷ್ಟು ಮಿಲಿ ಇದೆ ಎಂದು ತಿರುಗಿಸಿ ಓದಿದಳು.

ಬಂಧನದ ವಿಷಯ ಮನೆಗೆ ತಿಳಿಸುವುದು ನಿಯಮ. ಅವಳ ಫೋನಿನಿಂದಲೇ ಇನ್‌ಸ್ಪೆಕ್ಟರ್ ತಾಯಿಗೆ ಕರೆ ಮಾಡಿದರು. ಇವರು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯ ದನಿ ಕೇಳಿತು: "ಪುಟ್ಟೀ, ಇವತ್ತು ಎಷ್ಟು ಬಂತೇ?"

ಇನ್‌ಸ್ಪೆಕ್ಟರ್ ಹುಡುಗಿಯತ್ತ ನೋಡಿದರು. ಬಾಟಲಿ ಇನ್ನೂ ಅರ್ಧ ಉಳಿದಿತ್ತು.

"ಇವತ್ತು ತೂಗಿಲ್ಲಮ್ಮಾ," ಎಂದರು. "ನೀವು ಸ್ವಲ್ಪ ಕೂತ್ಕೊಳ್ಳಿ, ಹೇಳ್ತೀನಿ."