ಎಡಗಿವಿಗೆ ಹೇಳಿದ ಮಾತು

"ಈ ಪ್ಯಾನ್ ಅಪಸ್ವರ ನುಡೀತಿದೆ!"

ಪೋರ್ಟ್ ಆಫ್ ಸ್ಪೇನ್‌ನ ಆ ಪ್ಯಾನ್‌ಯಾರ್ಡಿನಲ್ಲಿ, ಉಕ್ಕಿನ ಪ್ಯಾನ್ ವಾದ್ಯಗಳ ತಾಲೀಮಿನ ಅಂಗಳದಲ್ಲಿ, ಬಾರಿಸುತ್ತಿದ್ದ ಕೈಗಳೆಲ್ಲ ಒಮ್ಮೆಲೇ ನಿಂತವು. ಶ್ರುತಿ ಮಾಡುವವರನ್ನು ಬ್ಯಾಂಡಿನ ಎದುರು ಯಾರೂ ಪ್ರಶ್ನಿಸುವುದಿಲ್ಲ. ಅಂಥದ್ದರಲ್ಲಿ ಮೊನ್ನೆಯಷ್ಟೇ ಟೊಬೇಗೊ ದ್ವೀಪದಿಂದ ಬಂದ ವಾದಕನೊಬ್ಬ ಲಿಸ್ಟ್ರಾಳ ಮುಖಕ್ಕೇ ಹಾಗಂದುಬಿಟ್ಟಿದ್ದ!

ಎಣ್ಣೆ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಸ್ವರ ಹೊರಡಿಸುವ ಕೆಲಸದಲ್ಲಿ ಆ ಬೀದಿಯ ಗಂಡಸರನ್ನೆಲ್ಲ ಹಿಂದೆ ಹಾಕಿದವಳು ಅವಳು.

"ಹೆಸರೇನಪ್ಪಾ ನಿಂದು?"

"ಕರ್ವಿನ್."

"ನಿನ್ ಕಿವೀಲಿ ಟೊಬೇಗೊದ ಮರಳು ತುಂಬ್ಕೊಂಡಿದೆ ಕರ್ವಿನ್. ತೊಳ್ಕೊಂಡ್ ಬಾ ಹೋಗು!"

ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ತನ್ನ ಮಾತು ಕೇಳಲು ಅವಳು ಬಲಗಿವಿಯನ್ನೇ ತಿರುಗಿಸಿದ್ದನ್ನು ಅವನು ಗಮನಿಸಿದ್ದ.

'ಅಯ್ಯೋ... ಗೊತ್ತಾಗಿಬಿಟ್ಟಿತಾ ಇವನಿಗೆ?' ಎಂದುಕೊಂಡಳು ಲಿಸ್ಟ್ರಾ.

ಕೆಲವು ದಿನಗಳಿಂದ ಅವಳ ಎಡಗಿವಿ ಗುಂಯ್‌ಗುಡುತ್ತಿತ್ತು. ಸುತ್ತಿಗೆ ಹಿಡಿದವರಿಗೆ ಇದೆಲ್ಲ ಮಾಮೂಲು ಎಂದುಕೊಂಡು, ಅಲ್ಲಿನ ಎಲ್ಲರಂತೆ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟು ಹತ್ತಿ ಇಟ್ಟುಕೊಂಡಿದ್ದಳು. ತಲೆ ಸುತ್ತಿದರೆ ಗೋಡೆ ಹಿಡಿಯುತ್ತಿದ್ದಳು. ಕಾರ್ನಿವಲ್ ಹಬ್ಬದ ಬ್ಯಾಂಡ್ ಸ್ಪರ್ಧೆ ಹತ್ತಿರ ಬಂದಿತ್ತು. ಕಿವಿ ಕೆಟ್ಟವಳನ್ನು ಶ್ರುತಿ ಮಾಡಲು ಯಾರು ಕರೆಯುತ್ತಾರೆ?

ಸಂಜೆ ಕರ್ವಿನ್ ಒಬ್ಬನೇ ಬಂದ.

"ಡಾಕ್ಟರ್‌ಗೆ ತೋರ್ಸು. ನಮ್ಮಮ್ಮನೂ ಹಿಂಗೇ ಎಣ್ಣೆ ಬಿಟ್ಕೊಂಡು ಕೂತಿದ್ಲು. ಆ ಕಿವಿ ಮತ್ತೆ ಬರ್ಲೇ ಇಲ್ಲ."

"ನನ್ ಕಿವಿ ಚಿಂತೆ ನಿಂಗ್ಯಾಕೆ? ನಡಿ ಆಚೆ!"

ಮರುದಿನ ಬ್ಯಾಂಡಿನ ಯಜಮಾನಿ ಟಾಂಟಿ ಮರ್ಲೀನ್ ಅವಳ ಕೈಯಿಂದ ಸುತ್ತಿಗೆ ಇಸಿದುಕೊಂಡರು.

"ಕರ್ವಿನ್ ಎಲ್ಲಾ ಹೇಳ್ದ ಕಣಮ್ಮಾ. ಕಿವಿ ತೋರಿಸ್ಕೊಂಡ್ ಬಾ, ಆಮೇಲೆ ಸುತ್ತಿಗೆ."

ಬೆನ್ನಿಗೆ ಚೂರಿ ಹಾಕಿದನಲ್ಲ! ಲಿಸ್ಟ್ರಾ ಅತ್ತಳು. ಡಾಕ್ಟರ ಬಾಯಿಂದಲೇ ಏನೂ ಆಗಿಲ್ಲ ಎಂದು ಹೇಳಿಸಿ ಅವನ ಸೊಕ್ಕು ಇಳಿಸಬೇಕೆಂಬ ಹಟಕ್ಕೇ ಆಸ್ಪತ್ರೆಗೆ ಹೋದಳು.

"ಒಳಗಿವಿ ಊದ್ಕೊಂಡಿದೆ," ಎಂದರು ಡಾಕ್ಟರ್ ರಾಮ್‌ಕಿಸ್ಸೂನ್. "ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು. ಊತ ಇಳಿಯೋಕೆ ಸ್ಟೀರಾಯ್ಡ್ ಮಾತ್ರೆ ಕೊಡ್ತೀನಿ. ಸಾಲದಿದ್ರೆ ಅದೇ ಔಷಧಿನ ಕಿವಿತಮಟೆ ಮೂಲಕ ಚುಚ್ಚೋಣ. ಪೂರ್ತಿ ವಾಪಸ್ ಬರುತ್ತೆ ಅಂತ ಮಾತು ಕೊಡಲಾರೆ."

ಮಾತ್ರೆ ಸಾಲಲಿಲ್ಲ.

ಚುಚ್ಚಿದ ಮೇಲೆ ಎಡಗಿವಿ ಮೇಲಾಗಿ ಅರ್ಧ ಗಂಟೆ ಮಲಗಬೇಕು. ಮಾತಾಡಬಾರದು, ಎಂಜಲು ಕೂಡ ನುಂಗಬಾರದು. ಕಣ್ಣು ಬಿಟ್ಟರೆ ಎದುರಿಗೆ ಕರ್ವಿನ್! ಜೊತೆಗಿರಲು ಟಾಂಟಿ ಅವನನ್ನೇ ಕಳಿಸಿದ್ದರು. ಬೈಯಲೂ ಆಗದ ಅವಸ್ಥೆ!

ಅವನು ಬಾಗಿ ಆ ಎಡಗಿವಿಗೆ ಏನೋ ಹೇಳಿದ. ಬಲಗಿವಿ ದಿಂಬಿನಲ್ಲಿ ಹೂತಿತ್ತು. ತುಟಿ ಅಲುಗಿದ್ದಷ್ಟೇ ಕಂಡಿತು.

"ಏನಂದೆ?" ಎದ್ದಮೇಲೆ ಗದರಿದಳು.

"ಏನಿಲ್ಲ ಬಿಡು."

ಕಾರ್ನಿವಲ್ ಅವಳಿಲ್ಲದೆಯೇ ಮುಗಿಯಿತು. ಕಡಲೆ ಪಲ್ಯ ತುಂಬಿದ ಬಿಸಿ ರೊಟ್ಟಿ, ಡಬಲ್ಸ್, ಕಟ್ಟಿಸಿಕೊಂಡು ಬಂದ ಕರ್ವಿನ್ ಬಾಗಿಲಲ್ಲೇ ನಿಂತ. "ಸೋತ್ವಿ. ನಿನ್ ಸುತ್ತಿಗೆ ಇಲ್ದೆ ಏನ್ ಗೆಲ್ತೀವಿ?"

ಅವಳ ಎದೆ ಉಬ್ಬಿತು. 'ನನ್ನನ್ನು ಹೊರಗೆ ಹಾಕಿಸಿದವನೇ ನನ್ನ ಬಗ್ಗೆ ಇಷ್ಟು ಹೆಮ್ಮೆಪಡುತ್ತಾನಲ್ಲ!' ಅವನನ್ನು ಒಳಗೆ ಕರೆದಳು.

ಮೂರನೆಯ ಸಲ ಚುಚ್ಚಿಸಿಕೊಂಡು ಮಲಗಿದಾಗ ಅವನು ಮತ್ತೆ ಬಾಗಿದ. ಈ ಸಲ ಆ ದನಿ ತೆಳ್ಳಗೆ, ಬಲು ದೂರದಿಂದ, ಆದರೆ ಸ್ಪಷ್ಟವಾಗಿ ಕೇಳಿಸಿತು...

"ನೀನು ನನ್ನ ಕ್ಷಮಿಸದಿದ್ರೂ ಪರವಾಗಿಲ್ಲ. ನಿನ್ ಕಿವಿ ಉಳೀಲಿ. ನಾನು ನಿನ್ನ ಪ್ರೀತಿಸ್ತೀನಿ, ಲಿಸ್ಟ್ರಾ."

ಕೇಳಿಸಿತು! ಕೇಳಿಸಿತು! ಕೂಗಿ ಹೇಳೋಣವೆಂದರೆ ಮಾತಾಡುವಂತಿಲ್ಲ. ಕಣ್ಣೀರು ದಿಂಬಿಗೆ ಇಳಿಯಿತು. ನರ್ಸ್ "ಏಳಿ" ಎಂದ ತಕ್ಷಣ ಎದ್ದು ಕೂತಳು.

"ಮೊದಲ್ನೇ ಸಲಾನೂ ಇದನ್ನೇ ಹೇಳಿದ್ಯಾ?"

ಅವನು ಬೆಪ್ಪಾದ. "ನಿಂಗೆ... ಕೇಳಿಸ್ತಾ?"

"ಕೇಳಿಸ್ತು." ಅವಳು ತಲೆ ಎತ್ತಿ, ಕಾಯುತ್ತಿದ್ದ ರೋಗಿಗಳೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು. "ನಾನೂ ನಿನ್ನ ಪ್ರೀತಿಸ್ತೀನಿ ಕಣೋ! ಅದನ್ನ ಹೇಳೋಕೆ ನಂಗೆ ಕೇಳಿಸದ ಕಿವಿ ಬೇಕಾಗಿಲ್ಲ!"

"ಮೆಲ್ಲಗೆ ಮಾರಾಯ್ತಿ... ಎಲ್ರಿಗೂ ಕೇಳಿಸ್ತಿದೆ!"

ಅವಳು ಅವನ ಕೈ ಹಿಡಿದುಕೊಂಡಳು.

"ಕೇಳಿಸ್ಲಿ."